ಏಜೆಂಟಿಗೆ ಟೂಲ್ ವಿವರಣೆ ಬರೆಯುವುದು: ಆಳಂದ, ಅಫಜಲಪುರ, ಜೇವರ್ಗಿ ದತ್ತಾಂಶದ ಮೂಲಕ ಒಂದು ಕೈಪಿಡಿ

ಎಐ ಏಜೆಂಟ್ ಒಂದು ಟೂಲನ್ನು ಆರಿಸಿಕೊಳ್ಳುವಾಗ ಅದರೊಳಗಿನ ಕೋಡನ್ನು ನೋಡುವುದಿಲ್ಲ. ಅದಕ್ಕೆ ಕಾಣುವುದು ಮೂರೇ: ಟೂಲಿನ ಹೆಸರು, ನಾಲ್ಕಾರು ಸಾಲಿನ ವಿವರಣೆ, ಯಾವ ಯಾವ ಮಾಹಿತಿ ತುಂಬಿಕೊಡಬೇಕು ಎಂದು ಹೇಳುವ ಇನ್‌ಪುಟ್ ಪಟ್ಟಿ. ಗಿಟ್‌ಹಬ್, ಗಿಟ್‌ಲ್ಯಾಬ್‌ನಂಥ ಕೋಡ್ ಹೋಸ್ಟಿಂಗ್ ತಾಣಗಳ ಎಪಿಐ ಬಳಸುವ ಏಜೆಂಟ್ ಇಶ್ಯೂ ಓದುವುದಾಗಲಿ, ಕಡತ ತಿದ್ದುವುದಾಗಲಿ, ಪುಲ್ ರಿಕ್ವೆಸ್ಟ್ ಕಳಿಸುವುದಾಗಲಿ, ಎಲ್ಲವೂ ಈ ಮೂರನ್ನು ನಂಬಿಯೇ ನಡೆಯುತ್ತದೆ. ವಿವರಣೆ ಹೇಳದೆ ಬಿಟ್ಟಿದ್ದನ್ನು ಮಾಡೆಲ್ ಊಹಿಸಿ ತುಂಬಿಕೊಳ್ಳುತ್ತದೆ. ಆ ಊಹೆ ಬಹಳ ಸಲ ಸರಿಯಾಗಿಯೇ ಇರುತ್ತದೆ. ಅದರಿಂದಾಗಿಯೇ ತಪ್ಪಿದ ಸಲ ಯಾರಿಗೂ ಬೇಗ ಗೊತ್ತಾಗುವುದಿಲ್ಲ.

ಈ ಬಗೆಯ ಬರವಣಿಗೆ ಬೇಕಾಗಿ ಬಂದದ್ದು ಇತ್ತೀಚೆಗೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾಡೆಲ್‌ಗಳಿಗೆ ಫಂಕ್ಷನ್ ಕಾಲಿಂಗ್ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಂಸಿಪಿ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಅದರಂತೆ ಬರೆದ ಟೂಲನ್ನು ಬೇರೆ ಬೇರೆ ಏಜೆಂಟ್‌ಗಳು ಬಳಸಬಹುದು. 2025ರ ಏಪ್ರಿಲ್ ಹೊತ್ತಿಗೆ ಗಿಟ್‌ಹಬ್ ತನ್ನದೇ ಎಂಸಿಪಿ ಸರ್ವರನ್ನು ಹೊರತಂದಿತು. ಸಿದ್ಧ ಸರ್ವರ್ ಇದ್ದರೂ ಪ್ರತಿ ತಂಡವೂ ತನ್ನ ದತ್ತಾಂಶಕ್ಕೆ, ತನ್ನ ಬಳಕೆದಾರರಿಗೆ ತಕ್ಕಂತೆ ಕೆಲವು ಟೂಲ್‌ಗಳನ್ನು ತಾನೇ ಬರೆದುಕೊಳ್ಳಬೇಕಾಗುತ್ತದೆ. ಕನ್ನಡದ ದತ್ತಾಂಶವಾದರೆ ಈ ಅಗತ್ಯ ಇನ್ನೂ ಹೆಚ್ಚು.

ಮಾದರಿಗೆ ಒಂದು ರೆಪೊಸಿಟರಿಯನ್ನು ಕಲ್ಪಿಸಿಕೊಳ್ಳಬಹುದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಪ್ರತಿ ಊರಿನ ತಾಲ್ಲೂಕು, ಜನಗಣತಿಯ ಕೋಡ್, ನಕ್ಷೆಯ ಸ್ಥಾನ ಇವಿಷ್ಟು ಅದರಲ್ಲಿವೆ. ಶಿಕ್ಷಕರು, ಪತ್ರಕರ್ತರು, ವಿದ್ಯಾರ್ಥಿಗಳು ತಪ್ಪು ಕಂಡಲ್ಲಿ ಇಶ್ಯೂ ಹಾಕುತ್ತಾರೆ. ಏಜೆಂಟ್ ಅವನ್ನು ಓದಿ, ತಿದ್ದುಪಡಿ ಸಿದ್ಧಮಾಡಿ, ಮನುಷ್ಯರ ಪರಿಶೀಲನೆಗೆ ಪುಲ್ ರಿಕ್ವೆಸ್ಟ್ ಕಳಿಸುತ್ತದೆ. ಮುಕ್ತ ದತ್ತಾಂಶದ ಡೇಟಾಮೀಟ್ ಸಮುದಾಯ ಭಾರತದ ಜಿಲ್ಲೆ, ವಿಧಾನಸಭಾ ಕ್ಷೇತ್ರಗಳ ನಕ್ಷೆಗಳನ್ನು ಗಿಟ್‌ಹಬ್‌ನಲ್ಲಿ ಇಟ್ಟು ಸಾಕಷ್ಟು ಕಾಲವಾಗಿದೆ. ಹಾಗಾಗಿ ಇಂಥ ರೆಪೊಸಿಟರಿ ದೂರದ ಕಲ್ಪನೆಯೇನಲ್ಲ.

ಒಂದೇ ಹೆಸರು, ಬೇರೆ ಬೇರೆ ವಸ್ತು

'ಆಳಂದ' ಎಂದರೆ ಪಟ್ಟಣವೂ ಹೌದು, ತಾಲ್ಲೂಕೂ ಹೌದು, ವಿಧಾನಸಭಾ ಕ್ಷೇತ್ರವೂ ಹೌದು. ಕ್ಷೇತ್ರಗಳ ಪಟ್ಟಿಯಲ್ಲಿ ಅಫಜಲಪುರಕ್ಕೆ 34, ಜೇವರ್ಗಿಗೆ 35, ಆಳಂದಕ್ಕೆ 46ನೆಯ ಸಂಖ್ಯೆ. ಹೆಸರು ಒಂದೇ ಆದ ಮಾತ್ರಕ್ಕೆ ಕ್ಷೇತ್ರದ ಗಡಿಯೂ ತಾಲ್ಲೂಕಿನ ಗಡಿಯೂ ಒಂದೇ ಎಂದುಕೊಳ್ಳುವಂತಿಲ್ಲ. ಕಾಲವೂ ಗಡಿಯನ್ನು ಬದಲಿಸುತ್ತದೆ. ಯಡ್ರಾಮಿ ಈಗ ಪ್ರತ್ಯೇಕ ತಾಲ್ಲೂಕು. ಆದರೆ 2011ರ ಜನಗಣತಿಯಲ್ಲಿ ಅದರ ಹಳ್ಳಿಗಳೆಲ್ಲ ಜೇವರ್ಗಿ ಲೆಕ್ಕದಲ್ಲಿವೆ. ಆ ಜನಗಣತಿಯ ಪುಸ್ತಕಗಳಲ್ಲಿ ಜಿಲ್ಲೆಯ ಹೆಸರು ಗುಲ್ಬರ್ಗ, ಕೋಡ್ 579. ಜಿಲ್ಲೆಯ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು.

ಟೂಲಿನ ಇನ್‌ಪುಟ್ ಪಟ್ಟಿಯಲ್ಲಿ 'ಸ್ಥಳ' ಎಂದಷ್ಟೇ ಬರೆದರೆ ಏಜೆಂಟ್ ಪಟ್ಟಣ, ತಾಲ್ಲೂಕು, ಕ್ಷೇತ್ರ ಈ ಮೂರರಲ್ಲಿ ಯಾವುದನ್ನಾದರೂ ಕೊಡಬಹುದು. 'ತಾಲ್ಲೂಕಿನ ಹೆಸರು, 2011ರ ಜನಗಣತಿಯಲ್ಲಿ ಇದ್ದಂತೆ' ಎಂದು ಬರೆದರೆ ಯಡ್ರಾಮಿಯ ಪ್ರಶ್ನೆಯೂ ಅಲ್ಲೇ ಬಗೆಹರಿಯುತ್ತದೆ. ಸಾಧ್ಯವಿರುವ ಮೌಲ್ಯಗಳು ಕೆಲವೇ ಆಗಿದ್ದರೆ ಅವನ್ನು ವಾಕ್ಯದಲ್ಲಿ ವಿವರಿಸುವ ಬದಲು ಪಟ್ಟಿಯಾಗಿ ಕೊಟ್ಟು, ಅದರ ಹೊರಗಿನದು ಸಲ್ಲದು ಎಂದು ಇನ್‌ಪುಟ್ ಪಟ್ಟಿಯ ಸ್ಕೀಮಾದಲ್ಲೇ ಕಟ್ಟಿಹಾಕುವುದು ಒಳ್ಳೆಯದು. ಮೂರು ತಾಲ್ಲೂಕಿನ ರೆಪೊಸಿಟರಿಗೆ ಮೂರು ಮೌಲ್ಯ ಸಾಕು.

ಕೋಡ್ ಹೋಸ್ಟಿಂಗ್ ಎಪಿಐಗಳಲ್ಲಿಯೂ ಇದೇ ತೊಡಕು ಇದೆ. ಗಿಟ್‌ಹಬ್‌ನ ಪ್ರತಿ ಇಶ್ಯೂಗೆ ಕನಿಷ್ಠ ಎರಡು ಗುರುತು: ಪರದೆಯ ಮೇಲೆ ಎಲ್ಲರಿಗೂ ಕಾಣುವ ಚಿಕ್ಕ ನಂಬರ್, ಮತ್ತು ಇಡೀ ತಾಣದಲ್ಲಿ ಬೇರಾವ ಇಶ್ಯೂಗೂ ಇಲ್ಲದ ಉದ್ದದ ಐಡಿ. ಎಪಿಐನ ಉತ್ತರದಲ್ಲಿ ಎರಡೂ ಬರುತ್ತವೆ. 'ಇಶ್ಯೂವಿನ ಐಡಿ ಕೊಡಬೇಕು' ಎಂದು ವಿವರಣೆ ಹೇಳಿ, ಒಳಗಿನ ಕೋಡ್ ನಂಬರನ್ನು ನಿರೀಕ್ಷಿಸುತ್ತಿದ್ದರೆ ಏಜೆಂಟ್ ಪ್ರಾಮಾಣಿಕವಾಗಿ ತಪ್ಪು ಸಂಖ್ಯೆ ಕೊಡುತ್ತದೆ. ಗಿಟ್‌ಲ್ಯಾಬ್‌ನಲ್ಲಿ ಪ್ರಾಜೆಕ್ಟಿನ ಒಳಗಿನ ಸಂಖ್ಯೆಗೆ ಐಐಡಿ ಎಂಬ ಬೇರೆ ಹೆಸರೇ ಇದೆ. ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ಅಲ್ಲಿ ಮರ್ಜ್ ರಿಕ್ವೆಸ್ಟ್ ಆಗುತ್ತದೆ. ತೆರೆದಿರುವ ಇಶ್ಯೂವನ್ನು ಸೂಚಿಸಲು ಗಿಟ್‌ಹಬ್ 'ಓಪನ್' ಎಂದರೆ ಗಿಟ್‌ಲ್ಯಾಬ್ 'ಓಪನ್ಡ್' ಎನ್ನುತ್ತದೆ. ಗಿಟ್‌ಹಬ್‌ನಲ್ಲಿ ಇಶ್ಯೂಗೂ ಪುಲ್ ರಿಕ್ವೆಸ್ಟ್‌ಗೂ ಒಂದೇ ಸಂಖ್ಯಾಸರಣಿ. ಗಿಟ್‌ಲ್ಯಾಬ್‌ನಲ್ಲಿ ಎರಡಕ್ಕೂ ಬೇರೆ ಬೇರೆ, ಹಾಗಾಗಿ 12ನೆಯ ಇಶ್ಯೂವೂ 12ನೆಯ ಮರ್ಜ್ ರಿಕ್ವೆಸ್ಟೂ ಒಟ್ಟಿಗೇ ಇರಬಹುದು. ಎರಡೂ ತಾಣಗಳಿಗೆ ಒಂದೇ ಟೂಲ್ ಬರೆದು 'ನಂಬರ್' ಎಂಬ ಒಂದೇ ಪದದಲ್ಲಿ ಮುಗಿಸುವ ಆಸೆ ಸಹಜ. ಅದಕ್ಕಿಂತ ತಾಣಕ್ಕೊಂದು ಟೂಲ್ ಇಟ್ಟು, ಪ್ರತಿಯೊಂದರಲ್ಲೂ ಆ ತಾಣದ ಪದವನ್ನೇ ಬಳಸುವುದು ಮೇಲು.

ನೆರೆಯ ಟೂಲ್‌ನಿಂದ ಬೇರ್ಪಡಿಸುವುದು

ಹೆಚ್ಚಿನ ವಿವರಣೆಗಳು ಟೂಲ್ ಏನು ಮಾಡುತ್ತದೆ ಎಂದು ಹೇಳಿ ನಿಲ್ಲುತ್ತವೆ. 'ಇಶ್ಯೂಗಳನ್ನು ತರುತ್ತದೆ' ಎಂಬ ಸಾಲು ಪಟ್ಟಿ ಮಾಡುವ ಟೂಲಿಗೂ ಹೊಂದುತ್ತದೆ, ಹುಡುಕುವ ಟೂಲಿಗೂ ಹೊಂದುತ್ತದೆ, ಒಂದೇ ಇಶ್ಯೂ ಓದುವ ಟೂಲಿಗೂ ಹೊಂದುತ್ತದೆ. ಏಜೆಂಟ್ ತಪ್ಪುವುದು ಇಂಥ ಅಕ್ಕಪಕ್ಕದ ಟೂಲ್‌ಗಳ ನಡುವೆ. ಆದ್ದರಿಂದ ವಿವರಣೆಯ ಅತ್ಯಂತ ಬೆಲೆಯುಳ್ಳ ವಾಕ್ಯ ಎಂದರೆ ಯಾವಾಗ ಈ ಟೂಲ್ ಬಳಸಬಾರದು, ಆಗ ಯಾವುದನ್ನು ಬಳಸಬೇಕು ಎಂದು ಹೇಳುವ ವಾಕ್ಯ.

ಪಟ್ಟಿ ಮಾಡುವ ಟೂಲಿನ ವಿವರಣೆ ಹೀಗಿರಬಹುದು:

'ಒಂದು ರೆಪೊಸಿಟರಿಯ ಇಶ್ಯೂಗಳ ಪಟ್ಟಿ ಕೊಡುತ್ತದೆ. ಪುಲ್ ರಿಕ್ವೆಸ್ಟ್‌ಗಳು ಇದರಲ್ಲಿ ಬರುವುದಿಲ್ಲ. ರೆಪೊ ಯಾವುದೆಂದು ಗೊತ್ತಿದ್ದು, ಸ್ಥಿತಿ, ಲೇಬಲ್ ಅಥವಾ ದಿನಾಂಕದ ಮೇಲೆ ಸೋಸಬೇಕಾದಾಗ ಬಳಸಬೇಕು. ಊರಿನ ಹೆಸರು ಅಥವಾ ಇನ್ನಾವುದೇ ಪದ ಹಿಡಿದು ಹುಡುಕಲು ಸರ್ಚ್ ಇಶ್ಯೂಸ್ ಬಳಸಬೇಕು. ಒಂದೇ ಇಶ್ಯೂವಿನ ಪೂರ್ಣ ಪಠ್ಯಕ್ಕೆ ಗೆಟ್ ಇಶ್ಯೂ. ಸ್ಥಿತಿ ಹೇಳದಿದ್ದರೆ ತೆರೆದಿರುವ ಇಶ್ಯೂಗಳು ಮಾತ್ರ ಬರುತ್ತವೆ. ಒಂದು ಪುಟದಲ್ಲಿ 30, ಕೇಳಿದರೆ 100ರವರೆಗೆ. ಇನ್ನೂ ಉಳಿದಿದ್ದರೆ ಉತ್ತರದ ಕೊನೆಯಲ್ಲಿ ಮುಂದಿನ ಪುಟದ ಸಂಖ್ಯೆ ಇರುತ್ತದೆ. ಒಟ್ಟು ಎಷ್ಟು ಎಂದು ಕೇಳಿದ್ದರೆ ಆ ಸಂಖ್ಯೆ ಬರುವುದು ನಿಲ್ಲುವವರೆಗೂ ಪುಟಗಳನ್ನು ತರಬೇಕು.'

ಇದರ ಪ್ರತಿ ವಾಕ್ಯಕ್ಕೂ ಎಪಿಐನಲ್ಲಿ ಒಂದು ಕಾರಣವಿದೆ. ಗಿಟ್‌ಹಬ್‌ನ ಇಶ್ಯೂ ಪಟ್ಟಿ ಪುಲ್ ರಿಕ್ವೆಸ್ಟ್‌ಗಳನ್ನೂ ಸೇರಿಸಿಯೇ ಕೊಡುತ್ತದೆ, ಏಕೆಂದರೆ ಆ ತಾಣದ ಲೆಕ್ಕದಲ್ಲಿ ಪ್ರತಿ ಪುಲ್ ರಿಕ್ವೆಸ್ಟೂ ಒಂದು ಇಶ್ಯೂ. ಟೂಲ್ ಅವನ್ನು ಸೋಸಿ ತೆಗೆಯಬೇಕು. ತೆಗೆದಿದೆ ಎಂದು ವಿವರಣೆ ಹೇಳಬೇಕು. ಸ್ಥಿತಿಯನ್ನು ಹೇಳದಿದ್ದಾಗ ತೆರೆದವು ಮಾತ್ರ ಬರುವುದೂ, ಪುಟಕ್ಕೆ 30 ಇರುವುದೂ ಗಿಟ್‌ಹಬ್‌ನ ಪೂರ್ವನಿರ್ಧಾರ. ಗಿಟ್‌ಲ್ಯಾಬ್‌ನಲ್ಲಿ ಪುಟಕ್ಕೆ 20. ಪುಟದ ಈ ಮಿತಿಯನ್ನು ಬರೆಯದೆ ಬಿಟ್ಟರೆ 'ಆಳಂದದ ಬಗ್ಗೆ ಇದುವರೆಗೆ ಎಷ್ಟು ದೂರು ಬಂದಿವೆ' ಎಂಬ ಪ್ರಶ್ನೆಗೆ ಏಜೆಂಟ್ ಪೂರ್ಣ ವಿಶ್ವಾಸದಿಂದ 30 ಎಂದು ಉತ್ತರಿಸಬಹುದು. ಹುಡುಕುವ ಟೂಲಿಗೆ ಮಿತಿ ಬೇರೆ: ಎಷ್ಟೇ ಸಿಕ್ಕರೂ ಗಿಟ್‌ಹಬ್ ಮೊದಲ 1000 ಫಲಿತಾಂಶಗಳನ್ನಷ್ಟೇ ಕೊಡುತ್ತದೆ, ಮತ್ತು ಕೋಡಿನೊಳಗಿನ ಹುಡುಕಾಟ ಮುಖ್ಯ ಬ್ರಾಂಚಿಗೆ ಸೀಮಿತ. ಬೇರೆ ಬ್ರಾಂಚಿನಲ್ಲಿ ನಿನ್ನೆ ತಿದ್ದಿದ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ ಎಂಬುದನ್ನು ಆ ಟೂಲಿನ ವಿವರಣೆಯೇ ಹೇಳಬೇಕು.

ದಿನಾಂಕಕ್ಕೂ ಒಂದು ಮಾತು ಬೇಕು. ಎಪಿಐ ಸಮಯ ಹೇಳುವುದು ಯುಟಿಸಿಯಲ್ಲಿ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜೇವರ್ಗಿಯಲ್ಲಿ ಬೆಳಗಿನ ಐದಕ್ಕೆ ಹಾಕಿದ ಇಶ್ಯೂ ಎಪಿಐನ ಲೆಕ್ಕದಲ್ಲಿ ಹಿಂದಿನ ದಿನದ್ದು. ಅದೂ ಅಲ್ಲದೆ ಗಿಟ್‌ಹಬ್ ಪಟ್ಟಿಯ 'ಸಿನ್ಸ್' ಎಂಬ ಸೋಸುಪದ ನೋಡುವುದು ಇಶ್ಯೂ ಹುಟ್ಟಿದ ಸಮಯವನ್ನಲ್ಲ, ಕೊನೆಯ ಸಲ ಬದಲಾದ ಸಮಯವನ್ನು. ಮೂರು ವರ್ಷ ಹಳೆಯ ಇಶ್ಯೂವಿಗೆ ನಿನ್ನೆ ಯಾರೋ ಒಂದು ಕಾಮೆಂಟ್ ಹಾಕಿದ್ದರೆ ಅದೂ 'ನಿನ್ನೆಯಿಂದ' ಎಂಬ ಪಟ್ಟಿಯಲ್ಲಿ ಬರುತ್ತದೆ. ಇನ್‌ಪುಟ್‌ನ ಹೆಸರನ್ನೇ 'ಈ ಸಮಯದ ನಂತರ ಬದಲಾದವು' ಎಂದಿಟ್ಟು, ಭಾರತೀಯ ಸಮಯ ತೆಗೆದುಕೊಂಡು ಒಳಗೆ ಯುಟಿಸಿಗೆ ಬದಲಿಸುವ ಟೂಲ್ ಬರೆದರೆ ಎರಡು ತಪ್ಪು ಒಟ್ಟಿಗೆ ತಪ್ಪುತ್ತವೆ. ಕೋಡಿನಲ್ಲಿ ಸರಿಪಡಿಸಬಹುದಾದ ತೊಡಕನ್ನು ವಿವರಣೆಯ ಮೇಲೆ ಹೊರಿಸದಿರುವುದು ಒಳ್ಳೆಯ ಪದ್ಧತಿ. ವಿವರಣೆಗೆ ಉಳಿಯಬೇಕಾದದ್ದು ಕೋಡ್ ನಿರ್ಧರಿಸಲಾರದ ಸಂಗತಿ ಮಾತ್ರ.

ಕನ್ನಡದ ಪಠ್ಯ ಬಂದಾಗ

ಮೂರು ತಾಲ್ಲೂಕುಗಳ ಹೆಸರುಗಳಲ್ಲೇ ಕನ್ನಡ ಪಠ್ಯದ ಮುಖ್ಯ ತೊಡಕುಗಳೆಲ್ಲ ಇವೆ. 'ಜೇವರ್ಗಿ'ಯ ಮೊದಲಕ್ಷರದ ಏತ್ವವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘಚಿಹ್ನೆಯ ಎರಡು ಸಂಕೇತಗಳಾಗಿ. ಮೊದಲ ರೀತಿಯಲ್ಲಿ ಇಡೀ ಹೆಸರು 7 ಸಂಕೇತ, ಎರಡನೆಯದರಲ್ಲಿ 8. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟಕ್ಕೆ ಅವು ಬೇರೆ ಪದಗಳು. 'ಅಫಜಲಪುರ'ವನ್ನು ಕೆಲವರು ಫ, ಜ ಅಕ್ಷರಗಳ ಕೆಳಗೆ ನುಕ್ತ ಹಾಕಿ ಬರೆಯುತ್ತಾರೆ, ಕೆಲವರು 'ಅಫ್ಜಲ್‌ಪುರ' ಎಂದು ಬಿಡಿಸಿ ಬರೆಯುತ್ತಾರೆ. ಹಾಗೆ ಬಿಡಿಸಿದಾಗ ಲ್ ಮತ್ತು ಪು ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆಯೊಂದು ಕೂತಿರುತ್ತದೆ. ಕನ್ನಡದಲ್ಲಿ 'ಆಳಂದ', 'ಆಲಂದ' ಎರಡೂ ಕಾಣಸಿಗುತ್ತವೆ. ಇಂಗ್ಲಿಷ್ ದಾಖಲೆಗಳಲ್ಲಿ ಜೇವರ್ಗಿಯ ನಡುವಿನ ಅಕ್ಷರಕ್ಕೆ ಒಮ್ಮೆ ವಿ, ಒಮ್ಮೆ ಡಬ್ಲ್ಯೂ.

ಏಜೆಂಟಿಗೆ ಇದನ್ನೆಲ್ಲ ಪಾಠ ಮಾಡಬೇಕಿಲ್ಲ. ಹುಡುಕುವ ಟೂಲ್ ತಾನೇ ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು, ಕಾಣದ ಚಿಹ್ನೆಗಳನ್ನು ಕಳೆದು ಹೋಲಿಸಬೇಕು. ಆದರೆ ಬೇರೆ ಕಾಗುಣಿತಗಳನ್ನು ಕೋಡ್ ಒಂದೇ ಎಂದು ಗುರುತಿಸಲಾರದು. ಅಲ್ಲಿಗೆ ವಿವರಣೆ ಬೇಕು: 'ಊರಿನ ಹೆಸರು ಒಂದು ಕಾಗುಣಿತದಲ್ಲಿ ಸಿಗದಿದ್ದರೆ ರೂಢಿಯ ಬೇರೆ ಕಾಗುಣಿತಗಳಲ್ಲಿಯೂ ಹುಡುಕಬೇಕು, ಉದಾಹರಣೆಗೆ ಅಫಜಲಪುರ, ಅಫ್ಜಲ್‌ಪುರ. ಹೆಸರು ಸಿಕ್ಕಿದ ಮೇಲೂ ಜನಗಣತಿ ಕೋಡ್ ಹೊಂದುತ್ತದೆಯೇ ನೋಡಬೇಕು.' ಎರಡನೆಯ ವಾಕ್ಯ ಹೆಚ್ಚಿನದೇನೋ ಎನಿಸಬಹುದು, ಆದರೆ ಹಾಗಲ್ಲ. 'ಗಾಣಗಾಪುರ' ಎಂದು ಹುಡುಕಿದರೆ ಅಫಜಲಪುರ ತಾಲ್ಲೂಕಿನ, ಭೀಮಾ ನದಿಯ ದಂಡೆಯ ದೇವಲ ಗಾಣಗಾಪುರವೂ ಬರುತ್ತದೆ, ಅಲ್ಲಿಂದ ದೂರದಲ್ಲಿರುವ ಗಾಣಗಾಪುರ ರೋಡ್ ರೈಲು ನಿಲ್ದಾಣವೂ ಬರುತ್ತದೆ.

ಕಡತದ ಗಾತ್ರ ಇನ್ನೊಂದು ವಿಷಯ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. 'ಆಳಂದ' ಎಂಬ ಪದಕ್ಕೆ 12 ಬೈಟ್. ಗಿಟ್‌ಹಬ್‌ನಲ್ಲಿ ಕಡತ ಬರೆಯುವ ಎಪಿಐ ಪಠ್ಯವನ್ನು ಬೇಸ್64 ರೂಪದಲ್ಲಿ ಕೇಳುತ್ತದೆ, ಆಗ ಅದೇ ಪದ 16 ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯಾರು ಎನ್‌ಕೋಡ್ ಮಾಡಬೇಕು ಎಂಬುದನ್ನು ವಿವರಣೆ ಹೇಳದಿದ್ದರೆ ಮಾಡೆಲ್ ತಾನೇ ಆ ಅಕ್ಷರಗಳನ್ನು ಹೊಸೆಯಲು ಹೊರಡುತ್ತದೆ. ಒಂದಕ್ಷರ ತಪ್ಪಿದರೂ ಊರಿನ ಹೆಸರು ಕೆಟ್ಟುಹೋಗುತ್ತದೆ. ಟೂಲ್ ಎನ್‌ಕೋಡ್ ಮಾಡಿದ ಮೇಲೂ ಏಜೆಂಟ್ ಮತ್ತೊಮ್ಮೆ ಮಾಡುವ ಅಪಾಯವೂ ಉಂಟು. 'ಸಾದಾ ಯುನಿಕೋಡ್ ಪಠ್ಯವನ್ನೇ ಕೊಡಬೇಕು. ಎನ್‌ಕೋಡಿಂಗ್ ಟೂಲಿನ ಕೆಲಸ' ಎಂಬ ಒಂದು ಸಾಲು ಇದನ್ನು ಮುಗಿಸುತ್ತದೆ.

ಓದುವಾಗಿನ ಮಿತಿ ಇನ್ನೂ ಅಪಾಯಕಾರಿ. ಗಿಟ್‌ಹಬ್‌ನ ಕಡತ ಓದುವ ಎಪಿಐ 1 ಎಂಬಿವರೆಗೆ ಸಲೀಸಾಗಿ ಕೆಲಸ ಮಾಡುತ್ತದೆ. ಅದನ್ನು ಮೀರಿದರೆ 100 ಎಂಬಿವರೆಗಿನ ಕಡತವನ್ನು 'ರಾ' ರೂಪದಲ್ಲಿ ಕೇಳಿ ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಉತ್ತರದಲ್ಲಿ ಪಠ್ಯದ ಜಾಗ ಖಾಲಿಯಾಗಿ ಬರಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಆ ದತ್ತಾಂಶ ಗಿಟ್‌ಹಬ್‌ನಲ್ಲಿದೆ. ಅಷ್ಟು ದೊಡ್ಡ ಕಡತವನ್ನು ಸಾಮಾನ್ಯ ರೀತಿಯಲ್ಲಿ ಓದಲು ಹೊರಟ ಏಜೆಂಟಿಗೆ ಖಾಲಿ ಪಠ್ಯ ಸಿಕ್ಕರೆ, ಕಡತವೇ ಖಾಲಿ ಎಂದು ತಿಳಿದು ಹೊಸದಾಗಿ ಬರೆಯಲು ಹೊರಡಬಹುದು. ಓದುವ ಟೂಲ್ ಗಾತ್ರವನ್ನು ಯಾವಾಗಲೂ ಹೇಳಬೇಕು. ಪೂರ್ತಿ ತರಲಾಗದಿದ್ದರೆ 'ಕಡತ ದೊಡ್ಡದು, ಪಠ್ಯ ತಂದಿಲ್ಲ, ಸಾಲುಗಳ ವ್ಯಾಪ್ತಿ ಕೊಟ್ಟು ಮತ್ತೆ ಕೇಳಬೇಕು' ಎಂದು ಮಾತಿನಲ್ಲೇ ತಿಳಿಸಬೇಕು.

ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಇಂದಿಗೂ ಚಲಾವಣೆಯಲ್ಲಿವೆ. ಅವು ಏಜೆಂಟಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಂಪಾಗಿ ಕಾಣುತ್ತವೆ. ಇಂಥ ಕಡತ ಕಂಡರೆ ಊಹಿಸಿ ಓದಬಾರದು, ಪರಿವರ್ತನೆ ಬೇಕು ಎಂದು ಬಳಕೆದಾರರಿಗೆ ಹೇಳಬೇಕು ಎಂಬ ಸೂಚನೆಗೆ ಓದುವ ಟೂಲಿನ ವಿವರಣೆಯಲ್ಲಿ ಜಾಗ ಸಲ್ಲುತ್ತದೆ.

ಬರೆಯುವ, ಬದಲಿಸುವ ಟೂಲ್‌ಗಳು

ಓದುವ ಟೂಲ್ ತಪ್ಪಿದರೆ ಉತ್ತರ ತಪ್ಪುತ್ತದೆ. ಬರೆಯುವ ಟೂಲ್ ತಪ್ಪಿದರೆ ಹತ್ತಾರು ಜನರ ಇಮೇಲ್‌ಗೆ ಸೂಚನೆ ಹೋಗಿರುತ್ತದೆ, ಇತಿಹಾಸದಲ್ಲಿ ಕಮಿಟ್ ಕೂತಿರುತ್ತದೆ. ಇಂಥ ಟೂಲಿನ ವಿವರಣೆಯ ಮೊದಲ ವಾಕ್ಯವೇ ಪರಿಣಾಮವನ್ನು ಹೇಳಬೇಕು: 'ಸಾರ್ವಜನಿಕ ರೆಪೊದಲ್ಲಿ ಹೊಸ ಇಶ್ಯೂ ಸೃಷ್ಟಿಸುತ್ತದೆ, ರೆಪೊವನ್ನು ಗಮನಿಸುತ್ತಿರುವ ಎಲ್ಲರಿಗೂ ಸೂಚನೆ ಹೋಗುತ್ತದೆ.' ಆಮೇಲೆ ಕರೆಯುವ ಮುಂಚೆ ಆಗಬೇಕಾದ ಕೆಲಸ: ಇದೇ ಊರು, ಇದೇ ತಪ್ಪಿನ ಬಗ್ಗೆ ಇಶ್ಯೂ ಆಗಲೇ ಇದೆಯೇ ಎಂದು ಹುಡುಕಬೇಕು.

ಎರಡನೆಯ ಸಲ ಕರೆದರೆ ಏನಾಗುತ್ತದೆ ಎಂಬುದನ್ನು ಬಹಳ ಜನ ಬರೆಯುವುದೇ ಇಲ್ಲ. ಉತ್ತರ ಬರುವುದು ತಡವಾಗಿ ಸಂಪರ್ಕ ಕಡಿದರೆ ಏಜೆಂಟ್ ಮತ್ತೆ ಪ್ರಯತ್ನಿಸುತ್ತದೆ. ಇಶ್ಯೂ ಮುಚ್ಚುವ ಕರೆಯನ್ನು ಎರಡು ಸಲ ಮಾಡಿದರೂ ಫಲ ಒಂದೇ. ಇಶ್ಯೂ ಸೃಷ್ಟಿಸುವ ಕರೆಯನ್ನು ಎರಡು ಸಲ ಮಾಡಿದರೆ ಎರಡು ಇಶ್ಯೂ. 'ಉತ್ತರ ಬಾರದಿದ್ದರೆ ಮತ್ತೆ ಕರೆಯುವ ಮುಂಚೆ ಪಟ್ಟಿ ತೆಗೆದು ನೋಡಬೇಕು' ಎಂಬ ಸಾಲು ಎರಡನೆಯ ಬಗೆಯ ಪ್ರತಿ ಟೂಲಿಗೂ ಬೇಕು. ಎಂಸಿಪಿ ನಿಯಮಾವಳಿಯ 2025ರ ಮಾರ್ಚ್ ಆವೃತ್ತಿಯಲ್ಲಿ ಇದಕ್ಕೆಂದೇ ಟಿಪ್ಪಣಿಗಳ ಸೌಲಭ್ಯ ಬಂದಿದೆ: ಈ ಟೂಲ್ ಓದುವುದಷ್ಟೇ, ಇದು ಇದ್ದದ್ದನ್ನು ಅಳಿಸಬಹುದು, ಇದನ್ನು ಮರಳಿ ಕರೆದರೂ ಹೊಸ ಪರಿಣಾಮವಿಲ್ಲ ಎಂಬಂಥವು. ಅವು ಸುಳಿವುಗಳು ಮಾತ್ರ, ಕಾವಲಲ್ಲ. ಕಾವಲು ಇರಬೇಕಾದದ್ದು ಏಜೆಂಟಿಗೆ ಕೊಟ್ಟ ಪ್ರವೇಶ ಟೋಕನ್ನಿನ ಅನುಮತಿಯಲ್ಲಿ ಮತ್ತು ಮನುಷ್ಯರ ಒಪ್ಪಿಗೆಯ ಹಂತದಲ್ಲಿ.

ಕಡತ ತಿದ್ದುವಾಗ ಗಿಟ್‌ಹಬ್ ಹಳೆಯ ಕಡತದ ಶಾ ಸಂಖ್ಯೆಯನ್ನು, ಅಂದರೆ ಅದರ ಪಠ್ಯದಿಂದ ಲೆಕ್ಕಹಾಕಿದ ಗುರುತನ್ನು, ಕೇಳುತ್ತದೆ. ನಡುವೆ ಬೇರೆಯವರು ತಿದ್ದಿದ್ದರೆ ಗೊತ್ತಾಗಲಿ ಎಂಬುದು ಅದರ ಉದ್ದೇಶ. 'ಶಾ: ಕಡ್ಡಾಯ' ಎಂದಷ್ಟೇ ಬರೆದರೆ ಮಾಡೆಲ್ ಎಲ್ಲಿಂದಲೋ ಒಂದು ಸಂಖ್ಯೆ ತಂದು ತುಂಬುತ್ತದೆ. ಎಲ್ಲಿಂದ ತರಬೇಕು ಎಂಬುದೂ ಬೇಕು: 'ಇದೇ ಬ್ರಾಂಚಿನಿಂದ ಈಗಷ್ಟೇ ಕಡತ ಓದುವ ಟೂಲ್ ಕೊಟ್ಟ ಶಾ. ಕಮಿಟ್‌ನ ಶಾ ಅಲ್ಲ. ಹೊಸ ಕಡತವಾದರೆ ಖಾಲಿ ಬಿಡಬೇಕು.' ಒಂದು ಟೂಲಿನ ಉತ್ತರ ಇನ್ನೊಂದರ ಇನ್‌ಪುಟ್ ಆಗುವ ಎಲ್ಲ ಕಡೆಯೂ ಹೀಗೆ ಮೂಲವನ್ನು ಹೆಸರಿಸಬೇಕು.

ಬಳಕೆದಾರರ ಮಾತಿನಲ್ಲಿಯೂ ಒಂದು ತೊಡಕಿದೆ. 'ಈ ಇಶ್ಯೂ ತೆಗೀರಿ' ಎಂದು ಯಾರಾದರೂ ಬರೆದರೆ ಅದು ಓದಿ ತೋರಿಸಿ ಎಂದೂ ಆಗಬಹುದು, ಮತ್ತೆ ತೆರೆಯಿರಿ ಎಂದೂ ಆಗಬಹುದು, ಇಲ್ಲವಾಗಿಸಿ ಎಂದೂ ಆಗಬಹುದು. ಸ್ಥಿತಿ ಬದಲಿಸುವ ಟೂಲಿನ ವಿವರಣೆಯಲ್ಲಿ ಈ ಕ್ರಿಯಾಪದವನ್ನೇ ಉದಾಹರಿಸಿ, ಇಂಥ ಸಂದರ್ಭದಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂದು ಬರೆಯುವುದು ಕ್ಷೇಮ. ಮುಚ್ಚುವಾಗ ಕಾರಣ ಕೊಡಲು ಗಿಟ್‌ಹಬ್‌ನಲ್ಲಿ 'ಮುಗಿದಿದೆ' ಮತ್ತು 'ಮಾಡುವ ಯೋಜನೆಯಿಲ್ಲ' ಎಂಬ ಬೇರೆ ಬೇರೆ ಮೌಲ್ಯಗಳಿವೆ. ಕಡಗಂಚಿಯನ್ನು ಕಲಬುರಗಿ ತಾಲ್ಲೂಕಿನಲ್ಲಿ ತೋರಿಸುತ್ತಿದೆ, ಅದು ಆಳಂದಕ್ಕೆ ಸೇರಬೇಕು ಎಂಬ ದೂರು ತಿದ್ದಿದ ಮೇಲೆ ಮುಚ್ಚುವುದು ಒಂದು. ತಪ್ಪು ದೂರೆಂದು ಮುಚ್ಚುವುದು ಇನ್ನೊಂದು. ದೂರು ಕೊಟ್ಟವರಿಗೆ ಈ ವ್ಯತ್ಯಾಸ ಮುಖ್ಯ.

ತಪ್ಪಾದಾಗ ಬರುವ ಉತ್ತರ

ದೋಷದ ಸಂದೇಶವೂ ವಿವರಣೆಯ ಭಾಗವೇ. ಏಜೆಂಟ್ ಮುಂದಿನ ಹೆಜ್ಜೆ ನಿರ್ಧರಿಸುವುದು ಅದನ್ನು ಓದಿ. ಅನುಮತಿಯಿಲ್ಲದ ಖಾಸಗಿ ರೆಪೊವನ್ನು ಕೇಳಿದರೆ ಗಿಟ್‌ಹಬ್ 404 ಎನ್ನುತ್ತದೆ, ಅಂಥದ್ದು ಇದೆಯೆಂಬ ಸುಳಿವನ್ನೂ ಕೊಡಬಾರದೆಂಬ ಕಾರಣಕ್ಕೆ. ಟೂಲ್ ಅದನ್ನು ಹಾಗೆಯೇ ದಾಟಿಸಿದರೆ ಏಜೆಂಟ್ ರೆಪೊ ಇಲ್ಲವೆಂದು ಹೇಳಿಬಿಡುತ್ತದೆ. 'ಸಿಗಲಿಲ್ಲ: ಹೆಸರು ತಪ್ಪಿರಬಹುದು, ಇಲ್ಲವೇ ಈ ಟೋಕನ್‌ಗೆ ಅನುಮತಿ ಇಲ್ಲದಿರಬಹುದು. ಹೆಸರು ಖಚಿತಪಡಿಸಿಕೊಂಡು ಬಳಕೆದಾರರನ್ನು ಕೇಳಬೇಕು; ಹೊಸ ರೆಪೊ ಸೃಷ್ಟಿಸಬಾರದು' ಎಂದು ಬಂದರೆ ದಾರಿ ಸ್ಪಷ್ಟ. ಕರೆಗಳ ಮಿತಿಯೂ ಹಾಗೆಯೇ. ಟೋಕನ್ ಇಲ್ಲದೆ ಗಂಟೆಗೆ 60 ಕರೆ, ವೈಯಕ್ತಿಕ ಟೋಕನ್ ಇದ್ದರೆ 5000. ಇಶ್ಯೂ ಹುಡುಕಾಟಕ್ಕೆ, ಟೋಕನ್ ಇದ್ದರೆ, ನಿಮಿಷಕ್ಕೆ 30. ಮಿತಿ ಮುಗಿದಾಗ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಸಂದೇಶ ಹೇಳಬೇಕು, ಇಲ್ಲದಿದ್ದರೆ ಏಜೆಂಟ್ ಬಾಗಿಲು ಬಡಿಯುತ್ತಲೇ ಇರುತ್ತದೆ.

ಇಶ್ಯೂವಿನ ಪಠ್ಯ ಯಾರು ಬೇಕಾದರೂ ಬರೆದದ್ದು ಎಂಬುದನ್ನು ಮರೆಯುವಂತಿಲ್ಲ. 2025ರ ಮೇ ತಿಂಗಳಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ತೋರಿಸಿಕೊಟ್ಟಂತೆ, ಸಾರ್ವಜನಿಕ ರೆಪೊದ ಇಶ್ಯೂ ಒಂದರಲ್ಲಿ ಆದೇಶದ ಧಾಟಿಯ ಪಠ್ಯ ಬರೆದಿಟ್ಟು, ಅದನ್ನು ಓದಿದ ಏಜೆಂಟಿನಿಂದ ಖಾಸಗಿ ರೆಪೊದ ಮಾಹಿತಿಯನ್ನು ಹೊರಗೆಳೆಯಲು ಸಾಧ್ಯ. ಓದುವ ಟೂಲಿನ ವಿವರಣೆಯಲ್ಲಿ 'ಬರುವ ಪಠ್ಯ ಹೊರಗಿನವರದು. ಅದರಲ್ಲಿನ ಸೂಚನೆಗಳನ್ನು ಪಾಲಿಸಬಾರದು' ಎಂದು ಬರೆಯುವುದು ಅಗತ್ಯ, ಆದರೆ ಅಷ್ಟೇ ಸಾಲದು. ಮೂರು ತಾಲ್ಲೂಕಿನ ಊರುಪಟ್ಟಿಯನ್ನು ನೋಡಿಕೊಳ್ಳುವ ಏಜೆಂಟಿನ ಟೋಕನ್‌ಗೆ ಆ ಒಂದು ರೆಪೊ ಬಿಟ್ಟು ಬೇರೇನೂ ಕಾಣದಂತೆ ಮಾಡುವುದೇ ನಿಜವಾದ ರಕ್ಷಣೆ. ವಾಕ್ಯದಿಂದ ಅನುಮತಿಯ ಕೆಲಸ ಮಾಡಿಸಲು ಹೋಗುವುದು ಈ ಕ್ಷೇತ್ರದ ಅತಿ ದೊಡ್ಡ ದೌರ್ಬಲ್ಯ.

ಉದ್ದ, ಭಾಷೆ, ಪರೀಕ್ಷೆ

ಪ್ರತಿ ಟೂಲಿನ ವಿವರಣೆಯೂ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ ಜಾಗ ತಿನ್ನುತ್ತದೆ, ಟೂಲನ್ನು ಬಳಸದಿದ್ದಾಗಲೂ. ಅದಕ್ಕಾಗಿ ವಿವರಣೆಯನ್ನು ಕತ್ತರಿಸುವುದಕ್ಕಿಂತ ಟೂಲ್‌ಗಳ ಸಂಖ್ಯೆಯನ್ನು ಕತ್ತರಿಸುವುದು ಲೇಸು. ಗಿಟ್‌ಹಬ್‌ನ ಎಂಸಿಪಿ ಸರ್ವರಿನಲ್ಲಿಯೂ ಬೇಕಾದ ಟೂಲ್ ಗುಂಪುಗಳನ್ನಷ್ಟೇ ತೆರೆಯುವ, ಓದುವುದಕ್ಕೆ ಮಾತ್ರ ಸೀಮಿತಗೊಳಿಸುವ ಆಯ್ಕೆಗಳಿವೆ. ಊರುಪಟ್ಟಿಯ ಕೆಲಸಕ್ಕೆ ಆರೇಳು ಟೂಲ್ ಧಾರಾಳ.

ಟೂಲಿನ ಹೆಸರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕಾಗುತ್ತದೆ. ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಆದರೆ ಹೆಚ್ಚಿನ ಮಾಡೆಲ್‌ಗಳು ಕನ್ನಡ ಪಠ್ಯವನ್ನು ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ, ಅಂದರೆ ಟೋಕನ್‌ಗಳಾಗಿ ಒಡೆಯುತ್ತವೆ. ಸದ್ಯಕ್ಕೆ ಕಾರ್ಯಸಾಧುವಾದದ್ದು ಇಂಗ್ಲಿಷಿನ ಮುಖ್ಯ ವಿವರಣೆ, ಅದರೊಳಗೆ ಕನ್ನಡದ ನಿಜವಾದ ಉದಾಹರಣೆಗಳು: ಊರಿನ ಹೆಸರುಗಳು ಕನ್ನಡ ಲಿಪಿಯಲ್ಲಿ, ಜನ ಕೇಳುವ ರೀತಿಯ ಒಂದೆರಡು ಪ್ರಶ್ನೆಗಳು. ಪೂರ್ತಿ ಕನ್ನಡದಲ್ಲೇ ಬರೆಯುವುದಾದರೆ ಇಶ್ಯೂ, ಬ್ರಾಂಚ್, ಕಮಿಟ್ ಇವಕ್ಕೆ ಹೊಸ ಪದ ಟಂಕಿಸಬಾರದು. ಎಪಿಐನ ಉತ್ತರದಲ್ಲಿ ಬರುವ ಪದಕ್ಕೂ ವಿವರಣೆಯ ಪದಕ್ಕೂ ನೇರ ನಂಟು ಉಳಿಯಬೇಕು.

ವಿವರಣೆ ಚೆನ್ನಾಗಿದೆಯೇ ಎಂಬುದು ಓದಿದರೆ ತಿಳಿಯುವುದಿಲ್ಲ. ಏಜೆಂಟನ್ನು ಓಡಿಸಿಯೇ ನೋಡಬೇಕು. ಬಳಕೆದಾರರು ನಿಜವಾಗಿ ಬರೆಯುವ ಧಾಟಿಯಲ್ಲಿ ಇಪ್ಪತ್ತು ಮೂವತ್ತು ಪ್ರಶ್ನೆಗಳನ್ನು ಸಿದ್ಧಪಡಿಸಬೇಕು: 'ಕಡಗಂಚಿ ಬಗ್ಗೆ ಯಾರಾದ್ರೂ ಇಶ್ಯೂ ಹಾಕ್ಯಾರೇನು ನೋಡ್ರಿ', 'ಯಡ್ರಾಮಿ ಊರುಗಳನ್ನ ಜೇವರ್ಗಿಯಿಂದ ಬೇರೆ ಮಾಡಿ ಪಿಆರ್ ಕಳಸ್ರಿ', 'ಅಫಜಲಪುರದ್ದು ಎಷ್ಟು ಇಶ್ಯೂ ಮುಚ್ಚ್ಯಾವ'. ಕೆಲವು ಇಂಗ್ಲಿಷ್ ಲಿಪಿಯಲ್ಲಿ ಟೈಪಿಸಿದ ಕನ್ನಡವೂ ಇರಲಿ. ಪ್ರತಿ ಪ್ರಶ್ನೆಗೂ ಯಾವ ಟೂಲ್, ಯಾವ ಇನ್‌ಪುಟ್ ಸರಿ ಎಂದು ಮೊದಲೇ ಬರೆದಿಟ್ಟು, ಏಜೆಂಟಿನ ಲಾಗ್ ಜೊತೆ ಹೋಲಿಸಬೇಕು. ಕೊನೆಯ ಉತ್ತರವನ್ನಷ್ಟೇ ನೋಡುವುದು ಸಾಲದು. ತಪ್ಪು ಟೂಲಿನಿಂದ ಹೊರಟು ಸುತ್ತಿ ಬಳಸಿ ಸರಿಯುತ್ತರಕ್ಕೆ ಬಂದ ಕಡೆಯೂ ವಿವರಣೆಯಲ್ಲಿ ಕೊರತೆಯಿದೆ. ತಿದ್ದುವಾಗ ಒಂದು ಸಲಕ್ಕೆ ಒಂದೇ ವಾಕ್ಯ ಬದಲಿಸಿ ಮತ್ತೆ ಓಡಿಸಬೇಕು, ಇಲ್ಲದಿದ್ದರೆ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯದು.

ವಿವರಣೆಗಳನ್ನೂ ಪರೀಕ್ಷೆಯ ಪ್ರಶ್ನೆಗಳನ್ನೂ ಟೂಲಿನ ಕೋಡ್ ಇರುವ ರೆಪೊದಲ್ಲೇ ಇಡಬೇಕು. ಗಿಟ್‌ಹಬ್ ತನ್ನ ರೆಸ್ಟ್ ಎಪಿಐಗೆ 2022-11-28ರಂಥ ದಿನಾಂಕದ ಆವೃತ್ತಿ ಹೆಸರು ಕೊಡುತ್ತದೆ. ಟೂಲ್ ಯಾವ ಆವೃತ್ತಿಯನ್ನು ಕರೆಯುತ್ತದೋ ಅದನ್ನು ವಿವರಣೆಯ ಪಕ್ಕದಲ್ಲಿ ದಾಖಲಿಸಿದರೆ, ಪುಟದ ಮಿತಿಯೋ ಮೌಲ್ಯದ ಹೆಸರೋ ಬದಲಾದಾಗ ಯಾವ ಸಾಲು ತಿದ್ದಬೇಕು ಎಂಬುದು ಬೇಗ ಸಿಗುತ್ತದೆ. ಕೋಡ್ ಬದಲಾದ ಪುಲ್ ರಿಕ್ವೆಸ್ಟ್‌ನಲ್ಲೇ ವಿವರಣೆಯ ಬದಲಾವಣೆಯೂ ಇರಬೇಕು. ಅದನ್ನು ಪರಿಶೀಲಿಸುವವರಲ್ಲಿ ಒಬ್ಬರಾದರೂ ಆ ತಾಲ್ಲೂಕಿನ ಊರುಗಳ ಹೆಸರು ಬಲ್ಲವರಾಗಿದ್ದರೆ, ಉದಾಹರಣೆಗೆ ಕೊಟ್ಟ ಕಾಗುಣಿತದ ತಪ್ಪೂ ಅಲ್ಲಿಯೇ ಸಿಕ್ಕಿಬೀಳುತ್ತದೆ.